ರೈಟರ್ ಶಾಂತಪ್ಪನವರ ಒಂದೇ ಕ್ರಿಯಾಪದ

ಶನಿವಾರಸಂತೆಯ ಬಳಿಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಶಾಂತಪ್ಪನವರಿಗೆ ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ ಪೂರ್ತಿ ಕೈವಶವಾಗಿತ್ತು: ಅಡ್ಜಸ್ಟ್. ಇದ್ದುದರಲ್ಲೇ ಸುಧಾರಿಸಿಕೊಳ್ಳಿ ಎಂದರ್ಥ. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ದಿನಗಳಲ್ಲಿ ತೋಟದ ದೊರೆ ಅದನ್ನು ಇವರಿಗೆ ಹೇಳುತ್ತಿದ್ದರು, ಇವರು ಮೇಸ್ತ್ರಿಗೆ, ಮೇಸ್ತ್ರಿ ಆಳುಗಳಿಗೆ. ಆಳುಗಳು ಸಾಲಾಗಿ ವಾಸಿಸುವ ಲೈನಿನ ಮನೆ ಸೋರಿದರೂ ಅಡ್ಜಸ್ಟ್, ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬುಟ್ಟಿ ಸಾಲದಿದ್ದರೂ ಅಡ್ಜಸ್ಟ್. (ಆಳುಗಳು ಅದನ್ನು ಯಾರಿಗೆ ಹೇಳುತ್ತಿದ್ದರೋ, ದಾಖಲೆಯಿಲ್ಲ.)

ಅದನ್ನು ಮನೆಗೂ ತಂದರು. ಒಲೆ ಹೊಗೆಯಾಡುತ್ತದೆ ಎಂದ ಹೆಂಡತಿ ಶಿವಮ್ಮನಿಗೆ ಅಡ್ಜಸ್ಟ್. ತವರಿನಿಂದ ಆರು ಜನ ಬರುತ್ತಾರೆ, ಬಚ್ಚಲ ಹಂಡೆ ಚಿಕ್ಕದು, ಇನ್ನೊಂದು ತನ್ನಿ ಎಂದಾಗಲೂ ಅದೇ.

ಆರು ಜನ ಬಂದರು. ಡಿಸೆಂಬರಿನ ಭಾನುವಾರ ಬೆಳಿಗ್ಗೆ, ಕಣದಲ್ಲಿ ಹರವಿದ ಕಾಫಿಯೂ ಮಂಜಿನಲ್ಲಿ ಕಾಣದಿದ್ದಾಗ, ಶಾಂತಪ್ಪನವರು ಟವೆಲ್ ಹೊದ್ದು ಬಚ್ಚಲಿಗೆ ಹೋದರು. ಹಂಡೆಯ ತಳ ಕಾಣುತ್ತಿತ್ತು. ಅಡುಗೆಮನೆಯಿಂದ ಕಡುಬಿನ ಹಬೆ. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ತುತ್ತಿಲ್ಲ; ಈ ವಿಷಯದಲ್ಲಿ ಅತ್ತೆ ಚನ್ನಬಸಮ್ಮ ದೊರೆಗಿಂತ ಕಟ್ಟುನಿಟ್ಟು.

"ಇವಳೇ, ನನ್ನ ನೀರು?"

"ಎಲ್ಲರದೂ ಆಯ್ತಲ್ಲ. ಇನ್ನೊಂದು ಹಂಡೆ ಕಾಯೋ ಹೊತ್ತಿಗೆ ಕಡುಬು ಖಾಲಿ. ನನ್ನ ತಮ್ಮ ಆಗಲೇ ಹನ್ನೆರಡು ತಿಂದ."

"ನನಗೆ ಅಂತ ಒಂದು ಕೊಡ ಎತ್ತಿಡಬಾರದಿತ್ತಾ?"

"ಇಟ್ಟಿದ್ದೆ. ಅಪ್ಪನಿಗೆ ನೀರು ಸಾಲಲಿಲ್ಲವಂತೆ. ಅಡ್ಜಸ್ಟ್ ಮಾಡ್ಕೊಳ್ಳಿ ಅಂದೆ. ನಿಮ್ಮ ಕೊಡದಲ್ಲಿ ಮಾಡ್ಕೊಂಡ್ರು."

"ಅದು ಹಂಗಲ್ಲ ಕಣೇ. ಅಡ್ಜಸ್ಟ್ ಅಂದ್ರೆ ಇಬ್ಬರೂ ಸ್ವಲ್ಪ ಸ್ವಲ್ಪ..."

"ಹಂಗಾ? ನಾನು ಹೊಗೇಲಿ ಒಲೆ ಊದುವಾಗ ನಿಮ್ಮ ಸ್ವಲ್ಪ ಎಲ್ಲಿತ್ತು?"

ಆ ಪದದ ಸರಿಯಾದ ಅರ್ಥ ಕೇಳಿ ಹೇಳೋಣವೆಂದರೆ ದೊರೆಯೂ ಹತ್ತಿರವಿರಲಿಲ್ಲ. ಶಾಂತಪ್ಪನವರು ಕಣ್ಣು ಮುಚ್ಚಿ ತೊಟ್ಟಿಯ ತಣ್ಣೀರನ್ನೇ ನಾಲ್ಕು ಚೊಂಬು ಸುರಿದುಕೊಂಡು ಪೂಜೆಗೆ ಕೂತರು. ಅಂಗೈಯ ಲಿಂಗ ಜಾರದಂತೆ ಇನ್ನೊಂದು ಕೈಯನ್ನೂ ಕೊಡಬೇಕಾಯಿತು. ಹಲ್ಲು ಕಟಕಟ. "ಓಂ ನಮಃ ಶಿವಾಯ" ಒಂದು ಸಲ ಎಂದರೆ ಮೂರು ಸಲ ಹೊರಟಿತು. ಕಣ್ಣಲ್ಲಿ ನೀರು. (ಅದು ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಿಗೆ.)

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚನ್ನಬಸಮ್ಮ ಕೈ ಮುಗಿದರು.

"ನೋಡೇ ಶಿವಮ್ಮ, ಅಳಿಯಂದಿರ ಭಕ್ತಿ. ಮೈಯೆಲ್ಲ ನಡುಗ್ತಾ ಇದೆ. ಇಷ್ಟು ವರ್ಷದಲ್ಲಿ ಒಂದಿನ ಹೀಗೆ ಕಂಡಿರಲಿಲ್ಲ. ಬಿಸಿನೀರು ಅವರನ್ನ ಕೆಡಿಸಿತ್ತು ಕಣೇ. ಇನ್ನು ಮೇಲೆ ದಿನಾ ತಣ್ಣೀರೇ ಇಡು."

"ಆಗ್ಲಿ ಕಣವ್ವ" ಎಂದಳು ಶಿವಮ್ಮ.

ಬೇಡವೆನ್ನಲು ಶಾಂತಪ್ಪನವರು ಬಾಯಿ ತೆರೆದರು. ಮತ್ತೆ ಓಂ ನಮಃ ಶಿವಾಯವೇ ಹೊರಟಿತು, ಮೂರು ಸಲ.