ನನ್ನ ಕೈಗೆಟುಕದ ಅರ್ಧ ಗಾಯ

ದೇವರು ಮನುಷ್ಯನನ್ನು ಮಾಡುವಾಗ ಎಲ್ಲವನ್ನೂ ಅಳೆದು ತೂಗಿಯೇ ಮಾಡಿದ್ದಾನೆ, ಕೈಯ ಉದ್ದದಲ್ಲಿ ಮಾತ್ರ ಸ್ವಲ್ಪ ಜಿಪುಣತನ ತೋರಿಸಿದ್ದಾನೆ ಎಂದು ನನ್ನ ಗುಮಾನಿ. ಊರಿನವರ ವಿಷಯಕ್ಕೆಲ್ಲ ಕೈಹಾಕಬಲ್ಲ ನಮಗೆ ನಮ್ಮದೇ ಬೆನ್ನು ಎಟುಕುವುದಿಲ್ಲ. ನಮ್ಮ ಸೆಕ್ಷನ್ನಿನಲ್ಲಿ ಪ್ರತಿಯೊಬ್ಬರ ಡ್ರಾಯರಿನಲ್ಲೂ ಒಂದೊಂದು ಮರದ ಸ್ಕೇಲು ಇದೆ. ಕಂಪ್ಯೂಟರು ಬಂದ ಮೇಲೆ ಅದರಿಂದ ಯಾರೂ ಒಂದು ಗೆರೆಯನ್ನೂ ಎಳೆದಿಲ್ಲ. ಆದರೂ ಅದು ಡ್ರಾಯರಿನಿಂದ ಆಗಾಗ ಹೊರಗೆ ಬರುತ್ತದೆ, ಕಾಲರಿನೊಳಗೆ ಇಳಿಯುತ್ತದೆ, ನಾವೆಲ್ಲ ಕಿಟಕಿಯ ಕಡೆ ನೋಡುತ್ತೇವೆ. ಹೆಣ್ಣಾದವಳು ಮದುವೆ ಯಾಕೆ ಆಗಬೇಕು ಎಂಬುದಕ್ಕೆ ಅಮ್ಮ ಕೊಡುತ್ತಿದ್ದ ಕಾರಣಗಳಲ್ಲಿ ಈ ಬೆನ್ನಿನ ವಿಚಾರವನ್ನೂ ಸೇರಿಸಿದ್ದರೆ ನಾನು ಒಪ್ಪಿರುತ್ತಿದ್ದೆನೋ ಏನೋ. ಅವರು ಬರೀ ಸಂಸ್ಕೃತಿ, ವಂಶ ಅಂತ ಹೇಳಿ ಕೆಡಿಸಿದರು.

ಹಾಗಾಗಿ ಕಿದ್ವಾಯಿ ನಗರದ ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನ್ನ ಜೊತೆ ಇದ್ದವನು ತಮ್ಮ ಸೀನ. ದೊಡ್ಡ ಅಧಿಕಾರಿಯಾಗುವ ಪರೀಕ್ಷೆ ಬರೆಯಲು ದಿಲ್ಲಿಗೆ ಬಂದವನು. ಪ್ರತಿ ಸಲವೂ ಪ್ರಿಲಿಮ್ಸ್ ಪಾಸು, ಮೇನ್ಸ್ ಫೇಲು. ವಯಸ್ಸಿನ ಮಿತಿ ಮುಗಿದ ಮೇಲೆ ಮುಖರ್ಜಿ ನಗರದ ಕೋಚಿಂಗ್ ಸೆಂಟರೊಂದರಲ್ಲಿ, ಮೇನ್ಸ್ ಪಾಸು ಮಾಡುವುದು ಹೇಗೆ ಎಂದು ಪಾಠ ಹೇಳುವ ಮೇಷ್ಟ್ರಾದ. ಅವನಿಂದ ಕಲಿತವರು ಪಾಸಾಗುತ್ತಲೂ ಇದ್ದರು, ಅದೇ ಸೋಜಿಗ. ಹೀಗಿರುವಾಗ ಅವನ ಎರಡು ಕಿಡ್ನಿಗಳೂ ಕೈಕೊಟ್ಟವು. ನನ್ನದು ಹೊಂದುತ್ತದೆ ಎಂದು ಡಾಕ್ಟರು ಹೇಳಿದಾಗ ಸೀನ ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ಬಂದು, "ಚಿಕ್ಕಂದಿನಲ್ಲಿ ಅರ್ಧ ಕೊಬ್ಬರಿ ಮಿಠಾಯಿ ಕೊಡದವಳು ನೀನು," ಎಂದು ಅತ್ತ.

ಆಪರೇಷನ್ನಿಗೆ ಮುಂಚೆ ಸರ್ಜನ್ ನನ್ನ ಹೊಟ್ಟೆ ಬೆನ್ನು ನೋಡುವುದು ಬಿಟ್ಟು ಕಿವಿ ನೋಡಿದರು. ಹುಡುಗಿಯಾಗಿದ್ದಾಗ ಆಸೆಪಟ್ಟು ಕಿವಿಯ ಮೇಲ್ಭಾಗಕ್ಕೆ ಇನ್ನೊಂದು ತೂತು ಚುಚ್ಚಿಸಿಕೊಂಡಿದ್ದೆ. ತೂತು ಮುಚ್ಚಿ, ಅಲ್ಲೊಂದು ನೆಲ್ಲಿಕಾಯಿ ಬೀಜದಷ್ಟು ಗಂಟು ಬೆಳೆದು ಕೂತಿದೆ. ಕೆಲವರ ಚರ್ಮ ಹೀಗೆಯೇ, ಗಾಯ ಮಾಯ್ದ ಮೇಲೂ ಅದಕ್ಕೆ ಕೆಲಸ ಮುಗಿಯಿತೆಂದು ಗೊತ್ತಾಗುವುದಿಲ್ಲ, ಹೊಲಿಯುತ್ತಲೇ ಇರುತ್ತದೆ, ಕಲೆ ದಪ್ಪವಾಗಿ ಎದ್ದು ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಪಕ್ಕದಲ್ಲಿ ಕೂತಿದ್ದ ಸೀನ, ಇದು ನಮ್ಮ ಮನೆತನದ ಗುಣ, ನಮ್ಮವರು ಫೋನನ್ನೂ ಹೀಗೇ ಇಡುವುದಿಲ್ಲ ಎಂದ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಒಣಗಿದ ಮೇಲೆ, ಕಲೆ ಏಳದಂತೆ ಅದರ ಮೇಲೆ ಸಿಲಿಕೋನ್ ಪಟ್ಟಿ ಅಂಟಿಸಬೇಕು, ಸ್ನಾನಕ್ಕೆ ಬಿಟ್ಟರೆ ದಿನವಿಡೀ ಇರಬೇಕು, ಬೆರಳಿನಿಂದ ಮೆಲ್ಲಗೆ ಒತ್ತಿ ತೀಡಬೇಕು, ಬಿಸಿಲು ಸೋಕಬಾರದು, ಬಿಗಿಯಾದದ್ದು ಏನೂ ಉಜ್ಜಬಾರದು, ಇದೆಲ್ಲ ತಿಂಗಳುಗಟ್ಟಲೆ ನಡೆಯಬೇಕು ಎಂದು ಆಜ್ಞೆಯಾಯಿತು.

ಉಜ್ಜಬಾರದು ಎಂದರೆ ಸೀರೆಯ ಲಂಗದ ಲಾಡಿಯೂ ಬೇಡ ಎಂದು ಅರ್ಥ. ನಿವೃತ್ತಿ ಹತ್ತಿರ ಬಂದಿರುವ ನಾನು ಮೊದಲ ಬಾರಿಗೆ ಸಡಿಲ ಕುರ್ತಾ ತೊಟ್ಟು ಕಚೇರಿಗೆ ಹೋದೆ. ಕ್ಯಾಂಟೀನಿನ ಭಯ್ಯಾ ಹೊಸದಾಗಿ ಬಂದ ಮೇಡಂ ಎಂದುಕೊಂಡು ಸಕ್ಕರೆ ಎಷ್ಟು ಎಂದು ಕೇಳಿದ. ಇನ್ನು ಸಲಹೆಗಳಿಗೆ ಬರವೇ? ಪಕ್ಕದ ಮನೆಯ ಪಂಜಾಬಿ ಆಂಟಿ ದೇಸಿ ತುಪ್ಪ ತಂದರು, ಪೀತಮ್‌ಪುರದ ಗೆಳತಿ ನಿಂಬೆರಸ ಎಂದಳು, ಮೈಸೂರಿನಿಂದ ಚಿಕ್ಕಮ್ಮ ಫೋನಿನಲ್ಲೇ ಅರಿಸಿನ ಅರೆದರು. ಸೀನ ಎಲ್ಲರಿಗೂ ಕ್ಲಾಸು ತೆಗೆದುಕೊಂಡು, ಒಂದೂ ನನ್ನ ಮೈಗೆ ತಾಗದಂತೆ ಕಾದ. ತುಪ್ಪ ಮಾತ್ರ ಸಾರನ್ನದ ಮೇಲೆ ಬಿತ್ತು.

ತೊಂದರೆ ಶುರುವಾದದ್ದು ಪಟ್ಟಿ ಅಂಟಿಸುವಾಗ. ನನ್ನ ಗಾಯ ಹೊಟ್ಟೆಯ ಮಗ್ಗುಲಿನಿಂದ ಹೊರಟು, ಪಕ್ಕೆಲುಬಿನ ಕೆಳಗೆ ಹಾದು, ಬೆನ್ನಿನ ಕಡೆಗೆ ಹೋಗುತ್ತದೆ. ಮುಂದಿನ ಅರ್ಧ ನನ್ನ ಕೈಗೆ ಸಿಗುತ್ತಿತ್ತು, ಹಿಂದಿನ ಅರ್ಧ ಸಿಗುತ್ತಿರಲಿಲ್ಲ. ಕನ್ನಡಿ ಇಟ್ಟುಕೊಂಡು ಪ್ರಯತ್ನಿಸಿ ಪಟ್ಟಿಯನ್ನು ಮೊಣಕೈಗೆ ಅಂಟಿಸಿಕೊಂಡೆ. ಸೀನ ತಾನು ಅಂಟಿಸುತ್ತೇನೆ ಎಂದು ಬಂದ. ಈ ವಯಸ್ಸಿನಲ್ಲಿ ತಮ್ಮನ ಮುಂದೆ ಕುರ್ತಾ ಎತ್ತಿ ನಿಲ್ಲುವುದೇ ಎಂದು ನಾನು ಹಿಂಜರಿದೆ. ಆಗ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅಕ್ಕಾ, ಪ್ರತಿ ವರ್ಷ ನಾಗರ ಪಂಚಮಿಗೆ ನನ್ನ ಅಂಗಿ ಎತ್ತಿಸಿ ಬೆನ್ನಿಗೆ ಹಾಲು ಹಚ್ತಿದ್ದೆಯಲ್ಲ, ಕೋಚಿಂಗ್ ಹುಡುಗರೆಲ್ಲ ಮನೇಲಿ ಕೂತಿದ್ರೂ ಬಿಡ್ತಿರಲಿಲ್ಲ. ನಾನು ಯಾವತ್ತಾದ್ರೂ ನಾಚ್ಕೊಂಡ್ನಾ? ಸುಮ್ನೆ ತಿರುಗು."

ತಿರುಗಿದೆ. ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಸ್ನಾನವಾದ ಮೇಲೆ ನಾನು ನಡುಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವುದು, ಅವನು ಮಾಸ್ಕು, ಕನ್ನಡಕ ಎರಡನ್ನೂ ಏರಿಸಿಕೊಂಡು ಬರುವುದು. ಪಟ್ಟಿಯನ್ನು ಎರಡು ತುಂಡು ಮಾಡಿ, ಮುಂದಿನದು ಪ್ರಿಲಿಮ್ಸ್, ಅದು ನಿನ್ನದು, ಹಿಂದಿನದು ಮೇನ್ಸ್, ಅದು ನನ್ನ ಜವಾಬ್ದಾರಿ ಎಂದ. ದಿಲ್ಲಿಯ ಜೂನ್ ತಿಂಗಳಲ್ಲಿ ಮೈಮೇಲೆ ಚರ್ಮವೇ ನಿಲ್ಲುವುದಿಲ್ಲ, ಇನ್ನು ಪಟ್ಟಿ ನಿಲ್ಲುತ್ತದೆಯೇ? ಒಂದು ದಿನ ಅದು ಜಾರಿ ಕುರ್ಚಿಗೆ ಅಂಟಿಕೊಂಡಿತು. ನಮ್ಮ ಅಧಿಕಾರಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಮೊಬೈಲಿನ ಗಾಜಿನ ಮೇಲಿನ ಹಾಳೆ ಯಾರದ್ದು ಎಂದು ಸೆಕ್ಷನ್ನಿಗೆಲ್ಲ ಕೇಳಿದರು. ಸಂಜೆ ಇದನ್ನು ಹೇಳಿದರೆ ಸೀನ ನಗುತ್ತ ತನ್ನ ಹೊಲಿಗೆಯ ಜಾಗ ಹಿಡಿದುಕೊಂಡ.

ಆ ವರ್ಷದ ಪಂಚಮಿಯಲ್ಲಿ ಅವನ ಮೈಗೆ ಹಸಿ ಹಾಲು ಬೇಡ, ಹೂವೂ ಬೇಡ, ಹೊಸ ಕಿಡ್ನಿ ಉಳಿಯಲೆಂದು ನುಂಗುವ ಮಾತ್ರೆಗಳಿಂದ ಮೈಯ ತಡೆಶಕ್ತಿ ತಗ್ಗಿದೆ, ಸೋಂಕು ತಗಲೀತು ಎಂದು ಆಸ್ಪತ್ರೆಯವರು ಎಚ್ಚರಿಸಿದ್ದರು. ನಾನು ಪ್ಯಾಕೆಟ್ ಹಾಲು ಕಾಯಿಸಿ ಆರಿಸಿ, ಹೂವಿನ ಬದಲು ಹತ್ತಿಯನ್ನು ಅದರಲ್ಲಿ ಅದ್ದಿ ಅವನ ಬೆನ್ನಿಗೆ ಮುಟ್ಟಿಸಿ, ನಿನ್ನ ಬೆನ್ನು ತಣ್ಣಗಿರಲಿ ಎಂದೆ. ಅವನು ಆ ಹತ್ತಿಯನ್ನು ಕಸಿದುಕೊಂಡು, ನನ್ನನ್ನು ತಿರುಗಿಸಿ, ಪಟ್ಟಿಯ ಪಕ್ಕದಲ್ಲಿ ನನ್ನ ಬೆನ್ನಿಗೂ ಮುಟ್ಟಿಸಿದ. ಅಣ್ಣತಮ್ಮಂದಿರು ಹಚ್ಚುವ ಶಾಸ್ತ್ರವಿಲ್ಲ ಕಣೋ ಎಂದರೆ, ಅಕ್ಕಂದಿರು ಕಿಡ್ನಿ ಕೊಡುವ ಶಾಸ್ತ್ರವೂ ಇಲ್ಲ ಎಂದ.

ದೀಪಾವಳಿಯಾದ ಮೇಲೆ ದಿಲ್ಲಿಯ ಮೇಲೆ ಹೊಗೆ ಇಳಿಯಿತು. ಸೀನನಿಗೆ ಕೆಮ್ಮು ಹಿಡಿಯಿತು, ಆಮೇಲೆ ಶ್ವಾಸಕೋಶಕ್ಕೆ ಸೋಂಕು. ಐಸಿಯುವಿನಲ್ಲಿ ಅವನು ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಸರಿಸಿ ಕೇಳಿದ್ದು ಒಂದೇ ಮಾತು: "ಇವತ್ತು ಪಟ್ಟಿ ಯಾರು ಅಂಟಿಸಿದ್ರು?" ಯಾರೂ ಇಲ್ಲ, ನೀನೇ ಬಂದು ಅಂಟಿಸು ಎಂದೆ. ಆಗಲಿ ಎಂಬಂತೆ ತಲೆಯಾಡಿಸಿದ. ಬರಲಿಲ್ಲ. ಕಿಡ್ನಿ ಮಾತ್ರ ಕೊನೆಯ ತನಕ ಚೆನ್ನಾಗಿಯೇ ಕೆಲಸ ಮಾಡಿತು ಎಂದು ಡಾಕ್ಟರು ಹೇಳಿದರು. ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮೊನ್ನೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಗಾಯದ ಮುಂದಿನ ಅರ್ಧ ನೂಲಿನಂತೆ ತೆಳ್ಳಗೆ ಮಾಯ್ದಿದೆ. ಹಿಂದಿನ ಅರ್ಧ ದಪ್ಪಗೆ ಎದ್ದಿದೆ, ತುರಿಸುತ್ತದೆ, ಒರಗಿ ಕೂತರೆ ಒತ್ತುತ್ತದೆ. ಮನೆಯಲ್ಲಿ ಪಟ್ಟಿ ಅಂಟಿಸುವವರು ಯಾರೂ ಇಲ್ಲವೇ ಎಂದು ಅವರು ಕೇಳಿದರು. ಪಕ್ಕದ ಮನೆಯ ಆಂಟಿ ನಾನು ಅಂಟಿಸಲೇ ಎಂದು ದಿನವೂ ಕೇಳುತ್ತಾರೆ, ಒಳ್ಳೆಯ ಹೆಂಗಸು, ಆದರೆ ಮೇನ್ಸನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಇದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಗೆ ಹೇಳುವುದು? ಇಂಜೆಕ್ಷನ್ ಕೊಟ್ಟರೆ ತಗ್ಗುತ್ತದೆ, ಬನ್ನಿ ಎಂದರು. ಅಚ್ಛಾ ಎಂದು ಬಂದೆ, ಮತ್ತೆ ಹೋಗಿಲ್ಲ.

ನೋಡಿ, ಸತ್ತ ಮೇಲೂ ಮೇನ್ಸಿನಲ್ಲಿ ಫೇಲಾದ ಎಂದು ಸೀನನನ್ನು ಬೈಯುತ್ತಿರುತ್ತೇನೆ. ಆದರೆ ಚರ್ಮಕ್ಕೆ ಕೆಲಸ ಮುಗಿದದ್ದು ಗೊತ್ತಾಗುವುದಿಲ್ಲ ಎಂದು ದೂರುವ ನಾನೇನು ಕಡಿಮೆ? ಈಗಲೂ ಬೆಳಿಗ್ಗೆ ಪಟ್ಟಿಯನ್ನು ಎರಡು ತುಂಡು ಮಾಡುತ್ತೇನೆ. ಮಾಯ್ದು ಹೋದ ಅರ್ಧದ ಮೇಲೆ ಒಂದನ್ನು ಅಂಟಿಸಿಕೊಂಡು, ಇನ್ನೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತಿರುತ್ತೇನೆ.