ಸಾಹುಕಾರರ ಹೆಸರೂ ಹುಲಿಗೆಮ್ಮನ ಕೈಯೂ

ಪುಕ್ಕಲರು ಕೈಹಾಕಬಾರದ ಉದ್ಯೋಗಗಳಲ್ಲಿ ನನ್ನದೂ ಒಂದು. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿಬೀಳುವ ನಾನು, ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇನ್ನೊಬ್ಬರ ಬೆರಳು ಕಾಯುವ ಎಲೆಕ್ಟ್ರಾನಿಕ್ ಬೋರ್ಡು ಮಾಡುತ್ತೇನೆ. ಈ ಸಲದ್ದು ಮಾನ್ವಿಯ ಅಕ್ಕಿ ಗಿರಣಿಯೊಂದಕ್ಕೆ. ಕೆಲಸದವರ ಕೈ ರೋಲರಿನ ಹತ್ತಿರ ಹೋದರೆ ಕಣ್ಣು ಮಿಟುಕಿಸುವುದರೊಳಗೆ ಬೆಲ್ಟು ನಿಲ್ಲಬೇಕು. ಬೋರ್ಡಿನೊಳಗಿರುವುದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಟ್ಟರೆ ಏನೇ ಆದರೂ ಅದು ಸರದಿ ತಪ್ಪಿಸುವುದಿಲ್ಲ. ಹೇಳಿಕೊಡುವವನು ನೆಟ್ಟಗಿರಬೇಕು, ಅಷ್ಟೇ.

ಇಂಥ ಬೋರ್ಡನ್ನು ಬೆಂಚ್‌ಮಾರ್ಕ್ ಮಾಡುವುದೆಂದರೆ, ಎಷ್ಟು ಬೇಗ ನಿಲ್ಲಿಸಿತು ಎಂದು ಮತ್ತೆ ಮತ್ತೆ ಅಳೆಯುವುದು. ಇಲ್ಲಿ ಸರಾಸರಿಗೆ ಬೆಲೆಯಿಲ್ಲ. ಎಲ್ಲಕ್ಕಿಂತ ತಡವಾದದ್ದೇ ಲೆಕ್ಕಕ್ಕೆ. ಬೆರಳು ಹೋಗಲು ಒಂದು ಸಲ ತಡವಾದರೆ ಸಾಕಲ್ಲವೇ? ಮೇಜಿನ ಮೇಲೊಂದು ಸಣ್ಣ ಬೆಲ್ಟು ಕಟ್ಟಿ, ಕೈಯ ಬದಲು ಬದನೆಕಾಯಿ ಒಡ್ಡಿ ಅಳೆದೆ. ಒಂದಕ್ಕೂ ಗಾಯವಾಗಲಿಲ್ಲ. ಆದರೂ ನಂಬಿಕೆ ಬಾರದೆ ಮತ್ತೆ ಅಳೆದೆ. "ಬದ್ನಿಕಾಯಿ ಕೊಡ್ರಿ, ಎಣ್ಣಿಗಾಯಿ ಮಾಡಬೇಕು," ಎಂದಳು ಹೆಂಡತಿ ಗಿರಿಜಾ. "ಇಷ್ಟ ಅಂಜಾವ್ರು ಈ ಧಂದೆ ಯಾಕ ಹಿಡದ್ರಿ?" ಉಳಿದವನ್ನು ಅವಳಿಗೆ ಕೊಟ್ಟು, ಒಂದು ಬದನೆಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದೆ.

ಆ ಗಿರಣಿಯಲ್ಲೊಂದು ಪದ್ಧತಿ. ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ ಮೇಲೆ, ಮಾಡಿದವನೇ ಮೊದಲು ಕೈ ಹಾಕಬೇಕು. "ಹಾಕ್ರಿ ಎಂಜಿನಿಯರ್ರ, ನಿಮ್ದ ಮಾಲು," ಎಂದರು ಗಿರಣಿಯ ಮಾಲೀಕರು ಶರಣಪ್ಪ ಸಾಹುಕಾರರು. ಪಕ್ಕದಲ್ಲಿ, ಆ ಬೆಲ್ಟಿನ ಕೆಲಸಕ್ಕೆ ಗೊತ್ತಾಗಿದ್ದ ಅರಕೇರಾದ ಹುಲಿಗೆಮ್ಮ ನಿಂತಿದ್ದಳು. "ನಾಳಿಂದ ನಾನ ಇಲ್ಲಿ ನಿಂದ್ರಾಕಿ. ಖರೇನ ನಿಂದರ್ತದೇನ್ರಿ ಸರಾ?" "ನಿಂದರ್ತದವ್ವಾ," ಎಂದೆ. ಕೈ ಮಾತ್ರ ಜೇಬಿನಿಂದ ಹೊರಗೇ ಬರಲೊಲ್ಲದು. ಮೊದಲು ಬದನೆಕಾಯಿ ಎಂದು ಒಡ್ಡಿದೆ.

ರೋಲರು ಅದನ್ನು ಪೂರ್ತಿ ಚಟ್ನಿ ಮಾಡಿತು. ಆಮೇಲೆ ಬೆಲ್ಟು ಆರಾಮವಾಗಿ ನಿಂತಿತು.

"ಯವ್ವಾ!" ಎಂದು ಹುಲಿಗೆಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತಲೆಯೆತ್ತಿದರೆ ಗೋಡೆಯ ಮೇಲೆ, ನನ್ನದೇ ಬೋರ್ಡು ಓಡಿಸುತ್ತಿದ್ದ ದೀಪದ ಅಕ್ಷರಗಳಲ್ಲಿ ಸಾಹುಕಾರರ ಹೆಸರು ಸರಾಗವಾಗಿ ಹರಿಯುತ್ತಿತ್ತು. ಆಗ ಹೊಳೆಯಿತು. ಹಿಂದಿನ ಸಲ ಬೋರ್ಡನ್ನು ಇಲ್ಲಿ ಜೋಡಿಸಿ ನೋಡುವಾಗ "ಹೆಸರು ಯಾಕ ನಡಗತದ?" ಎಂದು ಅವರು ಗುಡುಗಿದ್ದಕ್ಕೆ ಹೆದರಿ, ಸರದಿಯಲ್ಲಿ ಅವರ ಹೆಸರನ್ನು ಮೊದಲಿಟ್ಟು, ಕೈಯನ್ನು ಅದರ ಹಿಂದೆ ನಿಲ್ಲಿಸಿದ್ದೆ. ಹೆಸರು ಹರಿದು ಮುಗಿಯುವ ತನಕ ಕೈ ಕಾಯಬೇಕು! ಮನೆಯಲ್ಲಿ ಅಳೆಯುವಾಗ ಆ ದೀಪದ ಹಲಗೆ ಇರಲೇ ಇಲ್ಲ. ನನ್ನ ಬದನೆಕಾಯಿಗಳು ಉಳಿದದ್ದು ಅದಕ್ಕೇ.

ಲ್ಯಾಪ್‌ಟಾಪು ತೆರೆದು ಸರದಿ ತಿರುಗಿಸಿದೆ. ದೀಪ, ಸೈರನ್ನು, ತೂಕದ ಯಂತ್ರ ಎಲ್ಲವನ್ನೂ ಒಟ್ಟಿಗೆ ಓಡಿಸಿ, ಪೂಜೆಯ ಬಾಳೆಹಣ್ಣುಗಳನ್ನು ಒಂದೊಂದಾಗಿ ಒಡ್ಡಿ ಅಳೆದೆ. ಸಿಪ್ಪೆಯೂ ತರಚಲಿಲ್ಲ. ಕಡೆಗೆ ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ನನ್ನ ಕೈಯನ್ನೇ ಚಾಚಿದೆ. ಬೆಲ್ಟು ತಟ್ಟನೆ ನಿಂತಿತು. ಬೆರಳುಗಳನ್ನು ಆಡಿಸಿ ನೋಡಿಕೊಂಡೆ, ಎಲ್ಲವೂ ಇದ್ದವು. ಹುಲಿಗೆಮ್ಮನ ಕೈ ಸೆರಗಿನಿಂದ ಹೊರಬಂತು.

ಅಷ್ಟರಲ್ಲಿ ಸಾಹುಕಾರರು ಗೋಡೆಯತ್ತ ನೋಡಿ, "ಹೆಸರು ನಿಂತ್ ನಿಂತ್ ಬರಾಕತ್ತದಲ್ರೀ? ಮೊದಲಿನಂಗ ಮಾಡ್ರಿ," ಎಂದರು.

"ಆತ್ರಿ ಸಾಹುಕಾರ್ರ," ಎಂದುಬಿಟ್ಟೆ. ಅಷ್ಟು ಚುರುಕಾಗಿ ನನ್ನ ಯಾವ ಬೋರ್ಡೂ ಉತ್ತರ ಕೊಟ್ಟಿದ್ದಿಲ್ಲ.

ಹುಲಿಗೆಮ್ಮ ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಕೊನೆಗೆ ನನ್ನ ಬಾಯಿಂದಲೇ, "ಬ್ಯಾಡ್ರಿ ಸಾಹುಕಾರ್ರ... ಹಂಗ ಮಾಡಿದ್ರ ಈಕಿ ಕೈ ಹೋಗ್ತದ. ಹೆಸರು ಹಿಂದ ಇರ್ಲಿ," ಎಂಬ ಮಾತೂ ಬಂತು. ಸಾಹುಕಾರರು ಮುಖ ಸಿಂಡರಿಸಿ ಒಪ್ಪಿದರು. ಆದರೆ ನನ್ನ ಆ ಎರಡು ಮಾತುಗಳ ನಡುವೆ ಎಷ್ಟು ತಡವಾಯಿತೋ, ಅದನ್ನು ಮಾತ್ರ ನಾನು ಅಳೆದಿಲ್ಲ. ಅಳೆಯಲು ಹೆದರಿಕೆ.