ಮೂಗಿರುವ ಮನೆತನ

ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನವೇ ಪಕ್ಕದ ಮನೆಯ ಲಕ್ಷ್ಮಕ್ಕ ವೀರಭದ್ರಯ್ಯನ ಬಾಗಿಲಲ್ಲಿ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, "ಅಯ್ಯಯ್ಯಪ್ಪ! ಏನಣ್ಣಾ ಇದು ಗಬ್ಬುನಾತ?" ಅಂದುಬಿಟ್ಟಳು.

ವೀರಭದ್ರಯ್ಯನಿಗೆ ಯಾವ ನಾತವೂ ಬಂದಿರಲಿಲ್ಲ. ನಾತ ಇದ್ದರೆ ಇರಲಿ, ಅದು ತನಗೆ ಬರುತ್ತಿಲ್ಲವೆಂದು ಈ ಮಹಾತಾಯಿಗೆ ಗೊತ್ತಾದರೆ ಸಂಜೆಯೊಳಗೆ ನೊಣವಿನಕೆರೆಗೆಲ್ಲ ಗೊತ್ತಾಗುತ್ತಿತ್ತು.

ಕೊರೊನಾದ ಎರಡನೇ ಅಲೆಯಲ್ಲಿ ಗಂಡ, ಹೆಂಡತಿ, ಮಗ ಮೂವರೂ ಒಟ್ಟಿಗೇ ಮಲಗಿ ಒಟ್ಟಿಗೇ ಎದ್ದಿದ್ದರು. ಜ್ವರ ಹೋಯಿತು, ಕೆಮ್ಮು ಹೋಯಿತು, ಜೊತೆಗೆ ಮೂವರಿಗೂ ವಾಸನೆ ತಿಳಿಯುವುದೂ ಹೋಯಿತು. ಊರಿನಲ್ಲಿ ಬೇರೆಯವರಿಗೂ ಒಂದೊಂದು ಬಾಕಿ ಉಳಿದಿತ್ತು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸುಸ್ತು, ಶಿವಲಿಂಗಯ್ಯನಿಗೆ ಮರೆವು. ಅವನಿಗೆ ಮರೆವು ಮೊದಲಿನಿಂದಲೂ ಇತ್ತು, ಈಗ ನೆಪ ಸಿಕ್ಕಿದೆ ಅಷ್ಟೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಅವರೆಲ್ಲ ಜಗಲಿಯ ಮೇಲೆ ಕೂತು ಹೇಳಿಕೊಂಡು ಹಗುರಾಗುತ್ತಿದ್ದರು. ಈ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. "ಯಾರ್ ತಾವೂ ಉಸುರೆತ್ತಬ್ಯಾಡ್ರಿ. ಕಾಯ್ಲೆ ಉಳ್ಕಂಡಿರೋ ಮನೆ ಅಂತ ಹುಡುಗನಿಗೆ ಹೆಣ್ ಕೊಡಕಿಲ್ಲ" ಎಂದು ಹೆಂಡತಿ ಕಲ್ಲಮ್ಮ ಅಂದೇ ಕಟ್ಟಪ್ಪಣೆ ಮಾಡಿದ್ದಳು.

ಅವಳ ಭಯವೂ ಸುಳ್ಳಲ್ಲ. ಮಗ ಭುವನ್‌ಗೆ ಮೂವತ್ತು ದಾಟಿತ್ತು. ತೋಟ ನೋಡಿಕೊಳ್ಳುವ ಹುಡುಗ ಎಂದ ಕೂಡಲೇ ಹೆಣ್ಣು ಹೆತ್ತವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಅಂಥದ್ದರಲ್ಲಿ ಮಾಯಸಂದ್ರದ ನಂಜುಂಡಪ್ಪ ತಾನಾಗಿಯೇ ಹೇಳಿಕಳಿಸಿದ್ದ. ಅವನ ಮಗಳು ಮಧುಶ್ರೀಗೆ ಹಳ್ಳಿಯೇ ಇಷ್ಟವಂತೆ, ಭುವನ್ ಕೂಡ ಹಿಡಿಸಿದ್ದನಂತೆ. ಇನ್ನು ಮನೆ ನೋಡುವುದೊಂದೇ ಬಾಕಿ. ಈ ಸೀಮೆಯಲ್ಲಿ ಮನೆ ನೋಡುವುದೆಂದರೆ ಅಟ್ಟ ನೋಡುವುದು. ಗೋಡೆಯ ಸುಣ್ಣ ಉದುರಿದ್ದರೂ ನಡೆಯುತ್ತದೆ, ಕೊಬ್ಬರಿಯಾಗಲೆಂದು ಪೇರಿಸಿಟ್ಟ ಕಾಯಿ ಅಟ್ಟದ ತುಂಬ ಕಾಣಬೇಕು.

"ನಂಗೂ ಬೆಳಗ್ಗಿಂದ ಬತ್ತಾನೇ ಐತೆ ಕಣಕ್ಕ" ಎಂದು ವೀರಭದ್ರಯ್ಯ ಮೂಗು ಸೊಟ್ಟ ಮಾಡಿದ.

"ಎಲ್ಲಿಂದ ಬತ್ತೈತೆ ಅಂತೀಯ?"

"ಅದೇ... ಆ ಕಡೆಯಿಂದ" ಎಂದು ಕೈ ಬೀಸಿದ. ಬೀಸಿದ ಕೈ ಅಡುಗೆಮನೆಯನ್ನೇ ತೋರಿಸಬೇಕೆ! ಹೋಳಿಗೆಗೆ ಹೂರಣ ಮಗುಚುತ್ತಿದ್ದ ಕಲ್ಲಮ್ಮ ಸೌಟು ಹಿಡಿದೇ ಈಚೆ ಬಂದಳು.

"ಏನ್ರೀ, ನನ್ ಹೂರಣ ನಾರ್ತೈತಾ?" ಎಂದು ಗದರಿದಳಾದರೂ, ಒಳಗೆ ಹೋಗಿ ಹೂರಣವನ್ನು ಒಂದು ಸಲ ಇಣುಕಿ ನೋಡಿದಳು. ಪಾಪ, ಅವಳಿಗೂ ಗ್ಯಾರಂಟಿ ಇರಲಿಲ್ಲ.

"ಅಡ್ಗೆಮನೆ ಅಲ್ಲ ಕಣಣ್ಣ, ಅಟ್ಟ! ಯಾವ್ದೋ ಕಾಯಿ ಕೊಳ್ತೈತೆ. ನಿಂಗ್ ಗೊತ್ತಾಗ್ನಿಲ್ವಾ?"

"ಗೊತ್ತಾಗ್ದೆ ಏನು! ನಿನ್ ಮೂಗು ಎಂಗೈತೆ ನೋಡಣ ಅಂತ ಕೇಳ್ದೆ" ಎಂದವನೇ ವೀರಭದ್ರಯ್ಯ ಏಣಿ ಹಾಕಿ ಅಟ್ಟ ಹತ್ತಿದ. ಅತಿಥಿಗಳಿಗೆಂದು ಉಟ್ಟಿದ್ದ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಹತ್ತಿದ.

ಲಕ್ಷ್ಮಕ್ಕ ಹೋಗುತ್ತಾಳೆಂದುಕೊಂಡರೆ ಅವಳು ಕೆಳಗೇ ಗೂಟ ಹೊಡೆದು ನಿಂತಳು. ಇನ್ನೇನು ಮಾಡುವುದು? ಒಂದೊಂದೇ ಕಾಯಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು, "ಇದು ಒಳ್ಳೇದು... ಇದೂ ಒಳ್ಳೇದು... ಇದ್ಯಾಕೋ ಅನುಮಾನ" ಎಂದು ಬಾಯಿಗೆ ಬಂದದ್ದು ಹೇಳತೊಡಗಿದ. ಅನುಮಾನದ ಕಾಯಿಗಳನ್ನು ಭುವನ್ ಕೈಗೆ ಎಸೆದ. ಭುವನ್ ಕಡಿಮೆಯೇನಲ್ಲ, ಅವನೂ ಮೂಸಿ, "ಥೂ!" ಎಂದು ಮುಖ ಹಿಂಡಿ ಅಂಗಳಕ್ಕೆ ಒಗೆದ. ನೋಡನೋಡುತ್ತ ಚಿನ್ನದಂಥ ಕಾಯಿಗಳೆಷ್ಟೋ ತಿಪ್ಪೆಯ ಪಕ್ಕ ಗುಡ್ಡೆಯಾದವು.

"ಮೂಸೇ ಹೇಳ್ತೀಯಲ್ಲಣ್ಣ! ಭಾಳ ಸೂಕ್ಷ್ಮ ಕಣಪ್ಪ ನಿನ್ ಮೂಗು. ಆದ್ರೂ ಇನ್ನೂ ಬತ್ತಾನೇ ಐತಲ್ಲ" ಎಂದಳು ಲಕ್ಷ್ಮಕ್ಕ.

ಅಷ್ಟರಲ್ಲಿ ಭುವನ್ ಫೋನು ಹೊಡೆದುಕೊಂಡಿತು. "ಅಪ್ಪಾ, ಅವರು ತುರುವೇಕೆರೆ ದಾಟವ್ರಂತೆ!"

ಗಾಬರಿಯಲ್ಲಿ ವೀರಭದ್ರಯ್ಯ ಮೂಲೆಗೆ ಕೈ ಚಾಚಿದ. ಕಾಲಡಿಯ ಕಾಯಿ ಉರುಳಿತು. ಅವನು ಸೊಂಟ ಉಳುಕಿಸಿಕೊಂಡು, ಜಾರಿ, ಮೂಲೆಯ ರಾಶಿಗೆ ಎದೆಯೊಡ್ಡಿ ಬಿದ್ದ. ಎದೆಯ ಕೆಳಗೆ ಏನೋ ಪುಸಕ್ಕೆಂದು ಒಡೆದು ಅಂಗಿಯೆಲ್ಲ ನೆನೆಯಿತು.

ಕೆಳಗಿದ್ದ ಲಕ್ಷ್ಮಕ್ಕ "ಅಯ್ಯೋ ಶಿವನೇ, ಸತ್ತೆ!" ಎಂದು ಕಿರುಚಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಬೀದಿಗೆ ಓಡಿದಳು.

ಅವಳು ಓಡಿದ್ದು ನೋಡಿ ವೀರಭದ್ರಯ್ಯನಿಗೆ ಹಿಗ್ಗೋ ಹಿಗ್ಗು. "ಸಿಕ್ತು ಕಣೇ!" ಎಂದು ಒಡೆದ ಕಾಯಿ ಹಿಡಿದು ಇಳಿದು ಹಿತ್ತಲಾಚೆ ಎಸೆದ. ಕಲ್ಲಮ್ಮ ಅವನ ಅಂಗಿಯನ್ನು ಟವೆಲಿನಿಂದ ಒರೆಸಿ, ಹಿಂದೆ ಸರಿದು ನೋಡಿ, "ಕಲೆ ಏನೂ ಕಾಣಕಿಲ್ಲ ಬುಡ್ರಿ, ಒಣಗ್ತೈತೆ" ಎಂದಳು. ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ನಂಜುಂಡಪ್ಪ ನೆಂಟರ ದಂಡು ಕಟ್ಟಿಕೊಳ್ಳದೆ ಹೆಂಡತಿಯೊಬ್ಬಳನ್ನೇ ಕೂರಿಸಿಕೊಂಡು ಬಂದಿದ್ದ. ಬೀದಿಯ ತುದಿಯಲ್ಲಿ ದಾರಿ ತೋರಿಸಿದವಳು ಲಕ್ಷ್ಮಕ್ಕನೇ. ಕಾರಿನ ಕಿಟಕಿಗೆ ಬಾಗಿ ಅವಳು ಬಹಳ ಹೊತ್ತು ಮಾತಾಡಿದ್ದನ್ನು ಕಂಡು ವೀರಭದ್ರಯ್ಯ ಶಿವ ಶಿವಾ ಎಂದುಕೊಂಡ.

ಆದರೆ ಬಂದವರು ನಗುನಗುತ್ತಲೇ ಒಳಗೆ ಬಂದರು. ನಂಜುಂಡಪ್ಪ ಅಟ್ಟ ಹತ್ತಿ ನೋಡಿ ತಲೆದೂಗಿದ. ಊಟಕ್ಕೆ ವೀರಭದ್ರಯ್ಯನ ತೋಳಿಗೆ ತೋಳು ತಾಗುವ ಹಾಗೆ ಕೂತ. ತುಪ್ಪ ಸುರಿಸಿಕೊಂಡು ಹೋಳಿಗೆಯ ಮೇಲೆ ಹೋಳಿಗೆ ಹೊಡೆದ. ಅವನ ಹೆಂಡತಿಯ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ನಾತ ಹೋಗಿದೆ ಎಂದು ವೀರಭದ್ರಯ್ಯನಿಗೆ ಖಾತ್ರಿಯಾಯಿತು, ಮನಸ್ಸು ತಂಪಾಯಿತು. ಕಿಟಕಿಯಾಚೆ ಲಕ್ಷ್ಮಕ್ಕ ಮೂಗು ಹಿಡಿದುಕೊಂಡು, ಅವನ ಅಂಗಿಯನ್ನು ತೋರಿಸಿ ತೋರಿಸಿ ಕೈ ಆಡಿಸುತ್ತಿದ್ದಳು. ಅಂಗಿ ಚೆನ್ನಾಗಿದೆ ಅನ್ನುತ್ತಿದ್ದಾಳೆಂದು ಅವನು ನಕ್ಕು ತಲೆಯಾಡಿಸಿದ.

ಊಟವಾದ ಮೇಲೆ ನಂಜುಂಡಪ್ಪ ಅವನನ್ನು ಹಿತ್ತಲಿಗೆ ಕರೆದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಯಜಮಾನ್ರೇ, ಮುಚ್ಚಿಟ್ಟು ಹೆಣ್ ಕೊಡಬಾರ್ದು. ಕೊರೊನಾ ಬಂದೋದಾಗಿಂದ ನಮ್ಮನೇಲಿ ಯಾರ್ಗೂ ವಾಸ್ನೆ ಬರಕಿಲ್ಲ. ನಂಗಿಲ್ಲ, ನಮ್ಮೋಳ್ಗಿಲ್ಲ, ಹುಡುಗೀಗೂ ಇಲ್ಲ."

ವೀರಭದ್ರಯ್ಯನಿಗೆ ಕುಣಿಯುವಷ್ಟು ಖುಷಿಯಾಯಿತು. ಇಷ್ಟು ವರ್ಷ ಒಳಗೇ ಇಟ್ಟುಕೊಂಡು ಒದ್ದಾಡಿದ್ದನ್ನು ಎದುರಿಗಿರುವವನೇ ಹೇಳುತ್ತಿದ್ದಾನೆ! 'ನಮ್ದೂ ಅದೇ ಕತೆ ಕಣ್ರೀ' ಎನ್ನಲು ಬಾಯಿ ತೆರೆದ.

ನಂಜುಂಡಪ್ಪ ಅವನ ಕೈ ಹಿಡಿದುಕೊಂಡ. "ಹೋದ್ವರ್ಷ ಗ್ಯಾಸು ಲೀಕಾಗಿ ಮನೆಯೆಲ್ಲ ತುಂಬ್ಕಂಡಿತ್ತು. ನಾವು ಮೂರೂ ಜನ ಅದ್ರಲ್ಲೇ ಕೂತು ಟೀವಿ ನೋಡ್ತಿದ್ವಿ. ಹಾಲಿನೋನು ಬಂದು ಬೋಲ್ಟು ಮುರಿದು ಈಚೆ ಎಳ್ದ. ಅವತ್ತೇ ಆಣೆ ಮಾಡ್ದೆ, ನನ್ ಮಗಳ್ನ ಮೂಗಿರೋ ಮನೆಗೇ ಕೊಡೋದು ಅಂತ. ಕಿಬ್ಬನಹಳ್ಳಿ ಕಡೆಯಿಂದ ಹೆಣ್ ಕೇಳ್ಕಂಡು ಬಂದೋರು ಒಳ್ಳೇ ಜನ. ಅವ್ರಿಗೂ ವಾಸ್ನೆ ಬರಕಿಲ್ಲ ಅಂತ ಗೊತ್ತಾಯ್ತು, ಬ್ಯಾಡ ಅಂದ್ಬುಟ್ಟೆ."

ವೀರಭದ್ರಯ್ಯ ತೆರೆದ ಬಾಯನ್ನು ಆಕಳಿಕೆಗೆ ತಿರುಗಿಸಿ ಮುಚ್ಚಿಕೊಂಡ.

"ನಿಮ್ ಪಕ್ಕದ್ಮನೆ ಅಮ್ಮ ಎಲ್ಲಾ ಹೇಳುದ್ರು. ಅಪ್ಪ ಮಗ ಇಬ್ರೂ ಕಾಯಿ ಮೂಸೇ ಕೊಳ್ತಿರೋದು ಹೇಳ್ತಾರೆ, ಇಂಥಾ ಮೂಗು ತಾಲ್ಲೂಕಲ್ಲೇ ಇಲ್ಲ ಅಂದ್ರು. ಅಲ್ಲೇ ಒಪ್ಕಂಡೆ ಕಣ್ರೀ!" ಎಂದು ನಂಜುಂಡಪ್ಪ ಅವನನ್ನು ಬಾಚಿ ತಬ್ಬಿಕೊಂಡ. ಕೊಳೆತ ನೀರು ಹೀರಿದ ಅಂಗಿ ಬೀಗರ ಬಿಳಿ ಜುಬ್ಬಕ್ಕೆ ಅಂಟಿಕೊಂಡಿತು. ಇಬ್ಬರೂ ಎದೆ ತುಂಬ ಉಸಿರೆಳೆದುಕೊಂಡು ಕಣ್ಣೊರೆಸಿಕೊಂಡರು. ಹಿತ್ತಲ ಬೇಲಿಯಾಚೆ ಲಕ್ಷ್ಮಕ್ಕ ಓಕರಿಸುವ ಸದ್ದು ಕೇಳಿಸಿತು.

"ನಾಳೆ ಬೆಳಗ್ಗೆ ನಾನೇ ಕಾರ್ ತತ್ತೀನಿ ಬೀಗರೇ, ನೀವೂ ಅಳಿಯಂದ್ರೂ ಬಂದ್ಬುಡಿ. ನಮ್ಮಟ್ಟದಾಗೂ ಯಾವ್ಯಾವ್ದೋ ಕೊಳ್ತಾವಂತೆ, ಬೀದಿಯೋರೆಲ್ಲ ಜಗಳಕ್ಕೆ ಬತ್ತಾವ್ರೆ. ಬೀದಿಯೋರ ಎದುರ್ಗೇ ಮೂಸಿ ತೆಗ್ದು ಕೊಟ್ಬುಡಿ, ಅಲ್ಲೇ ಲಗ್ನ ಬರ್ಸಣ."

ವೀರಭದ್ರಯ್ಯ ಮೂಗು ಸವರಿಕೊಂಡ. "ಕಾಯಿ... ಎಷ್ಟೈತೆ?"

"ಜಾಸ್ತಿ ಇಲ್ಲ, ಇಪ್ಪತ್ತು ಸಾವಿರ ಇರ್ಬೋದು."

"ಅದಕ್ಕೇನಂತೆ ಬುಡಿ, ಬತ್ತೀವಿ" ಎಂದ ವೀರಭದ್ರಯ್ಯ, ಸೊಂಟ ಹಿಡಿದುಕೊಂಡು.